ಮಂಚದ ಕೆಳಗಿನ ಬಾಣಂತಿ

ನನ್ನ ತಂಗಿಯ ಬಾಣಂತನ ನಮ್ಮ ಮನೆಯಲ್ಲಿ ಆಗಲಿಲ್ಲ. ಆಗದಂತೆ ನೋಡಿಕೊಂಡವನು ನಾನೇ.

ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಪ್ಪ ಅಮ್ಮ ಹೋದ ಮೇಲೆ ತವರು ಅಂದರೆ ಅಣ್ಣನ ಮನೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಏಳು ವರ್ಷದ ಹಿಂದೆ, ರತ್ನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ ಬೆಳಿಗ್ಗೆ, ನಾನು ಫೋನ್ ಮಾಡಿದೆ.

"ರತ್ನ, ಮನೇಲಿ ಬೆಕ್ಕು ಮರಿ ಹಾಕ್ಬಿಟ್ಟಿದೆ ಕಣಮ್ಮ. ನಾಲ್ಕು ಮರಿ. ಎಲ್ಲಾ ಕಡೆ ಕೂದ್ಲು. ಎಳೇ ಕೂಸಿಗೆ ಉಸಿರಾಟಕ್ಕೆ ಏನಾದ್ರೂ ಆದ್ರೆ ಕಷ್ಟ. ಸ್ವಲ್ಪ ದಿನ ನಿಮ್ಮತ್ತೆ ಮನೇಲೇ ಇರು. ಆಮೇಲೆ ನಾನೇ ಬಂದು ಕರ್ಕೊಂಡು ಬರ್ತೀನಿ."

"ಆಯ್ತಣ್ಣ" ಎಂದಳು.

ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ನಿಜವಾದ ಕಾರಣ ಕೇಳಿದರೆ ನಗುತ್ತೀರಿ. ಒಂದು ಮಂಚ. ಕತ್ರಿಗುಪ್ಪೆಯಲ್ಲಿ ಕೆಳಗೆ ನನ್ನ ಹಿಟ್ಟಿನ ಮಿಲ್, ಮೇಲೆ ಮನೆ, ಮನೆಗೆ ಒಂದೇ ರೂಮು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಮಿಲ್ಲಿಗೆ ಬಂದು ನಿಂತವನು ನಾನು. (ಈ ಅಂಕಣದ ಕಾಗುಣಿತ ತಿದ್ದುವವರಿಗೆ ಇದು ಚೆನ್ನಾಗಿ ಗೊತ್ತು.) ಅಲ್ಲಿಂದ ಆವತ್ತಿನವರೆಗೂ ಮಲಗಿದ್ದು ಚಾಪೆಯ ಮೇಲೆ. ಆ ವರ್ಷ ಮೊದಲ ಸಲ, ಕೆಳಗೆ ಬಾಕ್ಸ್ ಇರುವ ಅಗಲವಾದ ಮಂಚ ಮಾಡಿಸಿದ್ದೆ. ಅದರ ಮೇಲೆ ಮಲಗಿ ಹದಿನೈದು ದಿನವೂ ಆಗಿರಲಿಲ್ಲ. ಬಾಣಂತಿ ಬಂದರೆ ರೂಮು ಅವಳದು, ಮಂಚ ಅವಳದು. ಮೂರು ತಿಂಗಳು ಮಗುವಿನ ಅಳು, ಸಾಂಬ್ರಾಣಿ ಹೊಗೆ, ನೋಡಲು ಬರುವವರ ಸಾಲು. ನಾನು ವಾಪಸ್ ಚಾಪೆಗೆ.

ಬೇಡ ಅನ್ನಿಸಿತು. ಅಷ್ಟೇ.

ಬೆಕ್ಕು ಎಲ್ಲಿಂದ ಬಂತು? ಫೋನ್ ಹಿಡಿದು ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಎದುರು ಮನೆ ಕಾಂಪೌಂಡ್ ಮೇಲೆ ಒಂದು ಬೆಕ್ಕು ನಡೆದು ಹೋಯಿತು. ಆಟೋ ಹೋಗಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಸುಧಾ ಹಳೇ ಕಾಟನ್ ಸೀರೆಗಳನ್ನು ಒಗೆದು, ಹರಿದು, ಮಗುವಿಗೆಂದು ಮೆತ್ತನೆಯ ಬಟ್ಟೆ ಮಡಿಸಿಟ್ಟಿದ್ದಳು. ಅವಳಿಗೆ ಬೆಕ್ಕಿನ ಕಥೆ ನಡೆಯುವುದಿಲ್ಲವಲ್ಲ. ಅವಳಿಗೆಂದೇ ಒಂದು ಬೇರೆ ಸುಳ್ಳು ಹೇಳಿದೆ. "ಅವರತ್ತೆ ಕಳಿಸಲ್ವಂತೆ." ಸುಧಾ ಮುಖ ಸಣ್ಣದು ಮಾಡಿಕೊಂಡು ಆ ಬಟ್ಟೆಯನ್ನೆಲ್ಲ ಮಂಚದ ಬಾಕ್ಸಿನೊಳಗೆ ಹಾಕಿದಳು.

ಅತ್ತಿಗೆ, ನಾದಿನಿ ಇಬ್ಬರೂ ಮರ್ಯಾದಸ್ಥರು. 'ಯಾಕೆ ಕರೆಯಲಿಲ್ಲ' ಎಂದು ರತ್ನ ಕೇಳಲಿಲ್ಲ, 'ಯಾಕೆ ಬರಲಿಲ್ಲ' ಎಂದು ಸುಧಾ ಕೇಳಲಿಲ್ಲ. ಅವರ ಮರ್ಯಾದೆಯ ನೆರಳಿನಲ್ಲಿ ನನ್ನ ಎರಡು ಸುಳ್ಳುಗಳು ಏಳು ವರ್ಷ ಆರಾಮಾಗಿ ಬದುಕಿದವು.

ಫೋನ್ ಮಾಡಿದ ಐದನೇ ದಿನ ಹಣ್ಣು, ಬ್ರೆಡ್ ಹಿಡಿದುಕೊಂಡು ಸುಬ್ರಹ್ಮಣ್ಯಪುರಕ್ಕೆ ಹೋದೆ. ಆಟೋದಲ್ಲಿ ಇಪ್ಪತ್ತು ನಿಮಿಷ. ಬಾಗಿಲು ತೆಗೆದವಳು ರತ್ನಾನೇ. ತಲೆಗೆ ಬಟ್ಟೆ ಕಟ್ಟಿದ್ದಳು. ಕೈ ಒದ್ದೆ. ಅವಳ ಅತ್ತೆಗೆ ಮಂಡಿ ನೋವು, ಕುರ್ಚಿಯಿಂದ ಏಳುವುದೇ ಕಷ್ಟ. ಗಂಡ ಶಿಫ್ಟಿಗೆ ಹೋಗಿದ್ದ. ಬಚ್ಚಲಲ್ಲಿ ಬಕೆಟ್ಟಿನ ತುಂಬ ಮಗುವಿನ ಬಟ್ಟೆ, ತಣ್ಣೀರು. ಬಾಣಂತಿ ತಣ್ಣೀರಿಗೆ ಕೈ ಹಾಕಬಾರದು ಎಂದು ನಮ್ಮಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ಹೋಗಿ ಹೇಳಿ ಬರುತ್ತಿದ್ದಳು.

"ಮರಿ ಹೇಗಿದಾವಣ್ಣ? ಕಣ್ಣು ಬಿಟ್ವಾ?" ರತ್ನ ಕೇಳಿದಳು.

"ಹೂಂ, ಬಿಟ್ವು. ಚೆನ್ನಾಗಿ ಓಡಾಡ್ತಿದಾವೆ."

ಅವಳು ನನ್ನ ಮುಖ ನೋಡಿದಳು. "ಕಾಫಿ ಮಾಡ್ಲಾ?" ಎಂದಳು. ಬೇಡ ಅಂದೆ. (ಅದೊಂದಾದರೂ ಬೇಡ ಅಂದೆನಲ್ಲ.)

ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಹೋಗಲಿಲ್ಲ. ಆಮೇಲೆ ಹಬ್ಬಕ್ಕೆ ಬಂದವಳು, ಸುಧಾ ಅಡುಗೆಮನೆಯಲ್ಲಿದ್ದಾಗ, "ಬೆಕ್ಕೆಲ್ಲಿ?" ಎಂದಳು. "ಯಾರೋ ತಗೊಂಡು ಹೋದ್ರು" ಎಂದೆ. ಮತ್ತೆ ಅವಳು ಕೇಳಲಿಲ್ಲ.

ನೀವು ಕೊನೆಯ ಸಲ ಹೇಳಿದ ನೆಪ ಯಾವುದು? ನೆಟ್‌ವರ್ಕ್ ಇರಲಿಲ್ಲವೇ? ಮನೆಗೆ ಗೆಸ್ಟ್ ಬಂದಿದ್ದರೇ? ಟ್ರಾಫಿಕ್ಕೇ? ಈ ಊರಿನಲ್ಲಿ ಟ್ರಾಫಿಕ್ ಅನ್ನುವುದು ಎಲ್ಲರೂ ಸಾಕಿಕೊಂಡಿರುವ ಬೆಕ್ಕು. ಬೇಕಾದಾಗ ಮರಿ ಹಾಕುತ್ತದೆ.

ಇದೆಲ್ಲ ಈಗ ಯಾಕೆ? ಯಾಕೆಂದರೆ ಹೋದ ತಿಂಗಳು ಬೆಕ್ಕು ಬಂತು. ನಿಜವಾದದ್ದು.

ಮಿಲ್ಲಿನಲ್ಲಿ ಇಲಿ ಜಾಸ್ತಿ. ಅದಕ್ಕೆ ಬಂದಿರಬೇಕು. ಬೂದು ಮೈ, ಮೇಲೆ ಸದಾ ಹಿಟ್ಟಿನ ಧೂಳು. ಸುಧಾ ರಾಗಿ ಎಂದು ಹೆಸರಿಟ್ಟಳು. ಹೊಟ್ಟೆ ದೊಡ್ಡದಿತ್ತು. ಚೆನ್ನಾಗಿ ಇಲಿ ತಿಂದಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ರೂಮಿನಿಂದ ಸುಧಾ ಕರೆದಳು. "ರೀ, ಇಲ್ಲಿ ಬನ್ನಿ. ಸದ್ದು ಮಾಡ್ಬೇಡಿ."

ಮಂಚದ ಬಾಕ್ಸಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ರಾಗಿ. ಅದರ ಹೊಟ್ಟೆಗೆ ಅಂಟಿಕೊಂಡು ಮೂರು ಮರಿ, ಇಲಿಗಿಂತ ಸ್ವಲ್ಪ ದೊಡ್ಡವು. ಒಂದು ಕಪ್ಪು, ಎರಡು ಬೂದು. ಮಲಗಿದ್ದು ಅದೇ ಹಳೇ ಸೀರೆಯ ಬಟ್ಟೆಗಳ ಮೇಲೆ.

ನಾನು ತಂಗಿಗೆ ಬಿಟ್ಟುಕೊಡದ ಜಾಗವನ್ನು ಬೆಕ್ಕು ಕೇಳದೆಯೇ ತೆಗೆದುಕೊಂಡಿತ್ತು.

ಜಯನಗರದಲ್ಲಿ ನಮ್ಮ ಗಿರಾಕಿಯೊಬ್ಬರ ಪರಿಚಯದ ಪಶುವೈದ್ಯರಿದ್ದಾರೆ. ಫೋನ್ ಮಾಡಿದೆ. ಹಸುವಿನ ಹಾಲು ಬೇಡ, ಹೊಟ್ಟೆ ಕೆಡುತ್ತದೆ, ಉಪ್ಪು ಹಾಕದೆ ಚಿಕನ್ ಬೇಯಿಸಿ ಕೊಡಿ, ನೀರು ಹತ್ತಿರದಲ್ಲೇ ಇಡಿ, ಮರಿ ಮುಟ್ಟಬೇಡಿ ಎಂದರು.

"ಇನ್ನೇನ್ ಮಾಡ್ಬೇಕು ಡಾಕ್ಟ್ರೇ?"

"ಇನ್ನೇನೂ ಇಲ್ಲ. ಬಾಣಂತಿ ಅಲ್ವಾ? ಹೊಟ್ಟೆ ತುಂಬ ಊಟ, ಬೆಚ್ಚಗಿರೋ ಜಾಗ, ಯಾರೂ ತೊಂದ್ರೆ ಕೊಡ್ದಿದ್ರೆ ಆಯ್ತು."

"ಇಷ್ಟೇನಾ?"

"ಇಷ್ಟೇ."

ಇಷ್ಟೇ ಅಂತೆ.

ನಾನು ಮೇಲೆ ಹೊರಳಿದರೆ ಹಲಗೆ ಕಿರುಗುಟ್ಟುತ್ತದೆ, ರಾಗಿ ಹೆದರುತ್ತದೆ. ಚಾಪೆ ಹಿಡಿದು ಹಾಲ್‌ಗೆ ಬಂದೆ. ಸುಧಾ ಬಿಡುತ್ತಾಳೆಯೇ? "ನಮ್ಮಣ್ಣ ಬಂದಾಗ ಒಂದ್ ದಿನ ಈ ಮಂಚ ಬಿಟ್ಕೊಡ್ಲಿಲ್ಲ. ಬೆಕ್ಕಿಗೆ ಬಿಟ್ಕೊಟ್ರಿ. ನಮ್ಮಣ್ಣಂಗೆ ಬಾಲ ಇರ್ಬೇಕಾಗಿತ್ತು."

ನನಗೋ ಹೊಸ ಹುಚ್ಚು. ಮಿಲ್ಲಿನಿಂದ ಅರ್ಧ ಗಂಟೆಗೊಮ್ಮೆ ಮೇಲೆ ಹತ್ತಿ ಬಂದು, ನೆಲದ ಮೇಲೆ ಕೂತು, ಸಂದಿಯಿಂದ ನೋಡುವುದು. ಕಣ್ಣು ಕಾಣದ, ಕಿವಿ ಕೇಳದ ಮರಿಗೆ ಹಾಲು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ? ಎರಡು ದಿನದಲ್ಲಿ ಒಂದೊಂದು ಮರಿಯೂ ತನ್ನದೇ ಒಂದು ಮೊಲೆ ಗೊತ್ತುಮಾಡಿಕೊಂಡಿತ್ತು. ಕಪ್ಪು ಮರಿ ತಪ್ಪಿ ಬೇರೆ ಕಡೆ ಹೋದರೆ ಬೂದು ಮರಿ ತಲೆಯಿಂದ ನೂಕುತ್ತಿತ್ತು. ತಾಯಿ ನೆಕ್ಕದಿದ್ದರೆ ಮರಿಗಳಿಗೆ ಮೂತ್ರವೂ ಬರುವುದಿಲ್ಲವಂತೆ. ಇದು ನಿಮಗೆ ಗೊತ್ತಿತ್ತೇ? ಐವತ್ತು ದಾಟಿದ ನನಗೆ ಗೊತ್ತಿರಲಿಲ್ಲ. ಮೊದಲ ದಿನವಿಡೀ ರಾಗಿ ಎದ್ದು ಹೋಗಿದ್ದು ಎರಡೇ ಸಲ. ಊಟ ಮಾಡುವಾಗಲೂ ಒಂದು ಕಿವಿ ಹಿಂದಕ್ಕೆ ತಿರುಗಿರುತ್ತಿತ್ತು.

ಸುದ್ದಿ ಬೀದಿಗೆ ಹೋಯಿತು. ರಾಗಿ ಬೀಸಲು ತಂದವರು, ಅಕ್ಕಿ ತಂದವರು, ಎಲ್ಲರೂ ಚಪ್ಪಲಿ ಬಿಟ್ಟು ಮೇಲೆ ಬಂದು ಫೋಟೋ ತೆಗೆದುಕೊಂಡರು. "ಏನಣ್ಣ, ಬಾಣಂತಿಗೆ ಮೆಣಸಿನ ಸಾರು ಆಯ್ತಾ?" ಎಂದು ಪಕ್ಕದ ಬೀದಿಯ ಆಂಟಿ ಕೇಳಿದರು. "ಎಲೆ ಅಡಿಕೆ ಮರೀಬೇಡ."

ನಾಲ್ಕನೇ ದಿನ ಬೆಳಿಗ್ಗೆ ಮಿಲ್ ಸ್ವಿಚ್ಚಿಗೆ ಕೈ ಹಾಕಿದ್ದೆ. ಮೆಟ್ಟಿಲ ಮೇಲೆ ರಾಗಿ. ಬಾಯಲ್ಲಿ ಕಪ್ಪು ಮರಿ, ಕತ್ತು ಹಿಡಿದು ತೂಗಾಡಿಸಿಕೊಂಡು ಬರುತ್ತಿತ್ತು. ನನ್ನನ್ನು ನೋಡಿ ನಿಂತಿತು. ನಾನು ಕೈ ತೆಗೆದೆ. ಅದು ನನ್ನ ಕಾಲ ಪಕ್ಕದಲ್ಲೇ ಹೋಗಿ ಮೋಟರಿನ ಹಿಂದಿನ ಗೋಣಿಚೀಲದ ಮೇಲೆ ಮರಿ ಇಟ್ಟಿತು. ಅಲ್ಲಿ ಬೂದು ಮರಿ ಒಂದು ಆಗಲೇ ಇತ್ತು. ಇನ್ನೊಂದು ಕ್ಷಣ ಕಳೆದಿದ್ದರೆ ಸ್ವಿಚ್ ಒತ್ತಿರುತ್ತಿದ್ದೆ. ಬೆಲ್ಟು ಅಲ್ಲಿಂದ ಒಂದು ಗೇಣು.

ಶನಿವಾರ. ಸಾಲು ನಿಂತಿತ್ತು. "ಇವತ್ತು ಮಿಲ್ ಇಲ್ಲ. ಒಳಗೆ ಬೆಕ್ಕು ಮರಿ ಇಟ್ಟಿದೆ" ಎಂದೆ.

"ಹೇಳಕ್ಕೆ ಬೇರೆ ನೆಪ ಸಿಗ್ಲಿಲ್ವಾ ಗುರು?" ಸಾಲಿನಲ್ಲಿದ್ದ ಒಬ್ಬ ನಕ್ಕ. ಎಲ್ಲರೂ ನಕ್ಕರು.

ನೋಡಿ ನನ್ನ ಗತಿ. ಇಲ್ಲದ ಬೆಕ್ಕನ್ನು ಹಸಿ ಬಾಣಂತಿ ನಂಬಿದಳು. ಇರುವ ಬೆಕ್ಕನ್ನು ರಾಗಿ ಚೀಲ ಹಿಡಿದವನು ನಂಬಲಿಲ್ಲ.

ಸುಧಾ ಆವತ್ತಿನಿಂದ ನೋಡಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿದಳು. ರೂಮಿನ ಗಲಾಟೆ ಅಡಗಿದ್ದನ್ನು ರಾಗಿ ಎರಡು ಸಲ ಬಂದು ಪರೀಕ್ಷೆ ಮಾಡಿತು. ಸಂಜೆ ಹೊತ್ತಿಗೆ ಮೂರನ್ನೂ ಒಂದೊಂದಾಗಿ ಹೊತ್ತು ವಾಪಸ್ ಮಂಚದ ಕೆಳಗೆ ತಂದಿತು.

ಐದು ದಿನ ಆಯಿತು. ಕಣ್ಣು ಬಿಡಲಿಲ್ಲ. ಏಳು ಆಯಿತು, ಇಲ್ಲ. ಗಾಬರಿಯಾಗಿ ಮತ್ತೆ ಡಾಕ್ಟರಿಗೆ ಫೋನ್ ಮಾಡಿದೆ. "ಇನ್ನೂ ಟೈಮಿದೆ ಸಾರ್. ಹತ್ತು ದಿನ ಆಗ್ಲಿ" ಎಂದು ನಕ್ಕರು. ಹನ್ನೊಂದನೇ ದಿನ ಕಪ್ಪು ಮರಿಯ ಎಡಗಣ್ಣು ಒಂದು ಗೆರೆಯಷ್ಟು ತೆರೆಯಿತು. ಒಳಗೆ ನೀಲಿ.

ನೋಡುತ್ತ ಕೂತಿದ್ದಾಗ ಹೊಳೆಯಿತು. ಆವತ್ತು ನಾನು ಐದೇ ದಿನದ ಮರಿಗಳಿಗೆ ಕಣ್ಣು ಬಿಡಿಸಿ, ಮನೆ ತುಂಬ ಓಡಾಡಿಸಿದ್ದೆ. ಹೇಳಿದ್ದು ಯಾರಿಗೆ? ಚಿಕ್ಕಂದಿನಲ್ಲಿ ಇದೇ ಮಿಲ್ಲಿನ ಮೂಟೆಗಳ ಸಂದಿಯಲ್ಲಿ ಬೆಕ್ಕಿನ ಮರಿ ಹುಡುಕಿ, ಲಂಗದಲ್ಲಿ ಹಾಕಿಕೊಂಡು ಬರುತ್ತಿದ್ದ ರತ್ನನಿಗೆ. ಯಾವ ದಿನ ಕಣ್ಣು ಬಿಡುತ್ತವೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಅವಳು ಆವತ್ತು ನನ್ನ ಮುಖ ನೋಡಿದ್ದು ಯಾಕೆ ಎಂದು ಏಳು ವರ್ಷಕ್ಕೆ ಅರ್ಥವಾಯಿತು.

ಅಷ್ಟರಲ್ಲಿ ಸುಧಾ ಮರಿಗಳ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟಿದ್ದಳು. ರತ್ನನ ಮಗಳು ಜಾನು ಹಠ ಹಿಡಿದಳಂತೆ. ಭಾನುವಾರ ಬರ್ತೀವಿ ಎಂದು ಫೋನ್ ಬಂತು. ಬೇಡ ಎನ್ನಲು ನಾಲಿಗೆ ತುದಿಯವರೆಗೂ ಬಂತು. ಆದರೆ ಏನು ನೆಪ ಹೇಳಲಿ? ಮನೆಯಲ್ಲಿ ಬೆಕ್ಕು ಮರಿ ಹಾಕಿದೆ ಎಂದೇ?

ಭಾನುವಾರ ಜಾನು ಬಾಕ್ಸಿನ ಮುಂದೆ ಮಂಡಿಯೂರಿ ಕೂತಳು. ಸುಧಾ ಪಕ್ಕದಲ್ಲಿ. ರತ್ನ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಕಿಟಕಿ ಹತ್ತಿರ. ಮರಿಗಳು ಹಾಲು ಕುಡಿಯುತ್ತಿದ್ದವು.

"ಮಾಮ," ಜಾನು ತಿರುಗಿದಳು, "ನಾನು ಹುಟ್ಟಿದಾಗ ಇದ್ದಿದ್ದು ಇದೇ ಬೆಕ್ಕಾ?"

"ಯಾವ ಬೆಕ್ಕು ಪುಟ್ಟಿ?" ಸುಧಾ ಕೇಳಿದಳು.

"ಅದೇ ಅತ್ತೆ, ನಾಲ್ಕು ಮರಿ ಹಾಕಿತ್ತಲ್ಲ. ಅದಕ್ಕೇ ನಾವಿಲ್ಲಿಗೆ ಬರ್ಲಿಲ್ಲ. ಅಮ್ಮ ಹೇಳಿದಾಳೆ."

"ಇಲ್ಲಮ್ಮ, ನಮ್ಮನೇಲಿ ಯಾವತ್ತೂ ಬೆಕ್ಕಿರ್ಲಿಲ್ಲ. ನಿಮ್ಮಜ್ಜಿ ಕಳಿಸ್ಲಿಲ್ಲ, ಅದಕ್ಕೆ ನೀನು ಬರ್ಲಿಲ್ಲ. ನೋಡು, ಈ ಮರಿ ಮಲಗಿರೋ ಬಟ್ಟೆ ಇದೆಯಲ್ಲ, ನಿಂಗೇ ಅಂತ ಹರಿದಿಟ್ಟಿದ್ದೆ."

"ನಮ್ಮತ್ತೆನಾ?" ಎಂದಳು ರತ್ನ. ಆ ಬಟ್ಟೆಯನ್ನು ನೋಡಿದಳು. ಅತ್ತಿಗೆಯನ್ನು ನೋಡಿದಳು. "ನಂಗೆ ಅಂತ ಎತ್ತಿಟ್ಟಿದ್ರಾ ಅತ್ತಿಗೆ?"

"ಮತ್ತಿನ್ಯಾರಿಗೆ?"

ರತ್ನ ನನ್ನ ಕಡೆ ತಿರುಗಿದಳು. ಬೆಕ್ಕಿನ ಸುಳ್ಳು ಅವಳಿಗೆ ಹಳೆಯದು. ಅವಳ ಅತ್ತೆಯ ಹೆಸರಿನಲ್ಲಿ ಹೇಳಿದ ಸುಳ್ಳು ಗೊತ್ತಾಗಿದ್ದು ಆ ಕ್ಷಣದಲ್ಲಿ. ಅಷ್ಟು ವರ್ಷ ಅತ್ತಿಗೆಗೇ ತಾನು ಬೇಡವಾಗಿದ್ದೆ ಎಂದುಕೊಂಡಿದ್ದಳೇನೋ. ಬೈಯುತ್ತಾಳೆ ಎಂದು ಕಾದೆ.

"ಮಿಲ್ಲಲ್ಲಿ ಒಂದು ಬೆಕ್ಕಿತ್ತು ಅತ್ತಿಗೆ, ನಿಮಗೆ ಗೊತ್ತಿರ್ಲಿಲ್ವೇನೋ," ಎಂದಳು ರತ್ನ. "ನಮ್ಮತ್ತೇನೂ ಆವಾಗ ಏನೋ ಅಂದಿದ್ರು. ಹಳೇದು ಬಿಡಿ."

ನಾನು ಹೂಂ ಎಂದಿದ್ದರೆ ಸಾಕಿತ್ತು. ಹೆಂಡತಿಯ ಮುಂದೆ ನನ್ನ ಮಾನ ಉಳಿಯಲಿ ಎಂದು ತಂಗಿ ನನ್ನ ಎರಡೂ ಸುಳ್ಳನ್ನು ತನ್ನ ತಲೆಯ ಮೇಲೆ ಹಾಕಿಕೊಂಡಿದ್ದಳು. ಜಾನು ಬಾಕ್ಸಿನೊಳಗೆ ಬೆರಳು ಚಾಚಿದ್ದಳು. ರಾಗಿ ಅದನ್ನು ಮೂಸಿ, ಮತ್ತೆ ಮರಿ ನೆಕ್ಕಲು ಶುರು ಮಾಡಿತು.

"ಮಿಲ್ಲಲ್ಲೂ ಬೆಕ್ಕಿರ್ಲಿಲ್ಲ ರತ್ನ," ಎಂದೆ. "ನಿಮ್ಮತ್ತೆ ಏನೂ ಅಂದಿರ್ಲಿಲ್ಲ. ನಂಗೆ ಈ ಮಂಚ ಬಿಟ್ಕೊಡಕ್ಕೆ ಮನಸ್ಸಿರ್ಲಿಲ್ಲ, ಅದಕ್ಕೆ ಹಸಿ ಬಾಣಂತೀನ ಬರ್ಬೇಡ ಅಂದೆ. ತಪ್ಪಾಯ್ತು ಕಣಮ್ಮ."