ಕರೂರಿಗೆ ಬಂದ ಇತಿಹಾಸದ ಮೇಡಂ

ಪಾಠ ಮುಗಿಸಿ ಹೊರಬರುವಾಗ ನಮ್ಮ ಇತಿಹಾಸದ ಮೇಡಂ ಅವರ ಬಲಗೈ ಮೊಣಕೈವರೆಗೂ ಬೆಳ್ಳಗಾಗಿರುತ್ತಿತ್ತು. ಡಸ್ಟರನ್ನು ಅವರು ಮುಟ್ಟುತ್ತಿರಲಿಲ್ಲ; ತಪ್ಪಿದ ಗೆರೆಯನ್ನು ಕೈಯಿಂದಲೇ ಒರೆಸುತ್ತಿದ್ದರು. ಬಳ್ಳಾರಿಯಲ್ಲಿ ನಾನು ಎಂ.ಎ. ಓದುತ್ತಿದ್ದಾಗ ಅವರು ನಮಗೆ ಏಷ್ಯಾ, ಆಫ್ರಿಕಾ ದೇಶಗಳ ವಸಾಹತು ವಿಮೋಚನೆಯ ಇತಿಹಾಸವನ್ನು ಬೋಧಿಸಿದರು. ತರಗತಿಗೆ ಬಂದೊಡನೆ ಕಪ್ಪುಹಲಗೆಯ ತುಂಬ ಆಫ್ರಿಕಾದ ನಕಾಶೆ ಬರೆಯುವರು. ಕರಾವಳಿ, ನದಿಗಳೆಲ್ಲ ಬರಿಗೈಯಲ್ಲಿ. ದೇಶಗಳ ನೇರವಾದ ಗಡಿಗಳು ಬಂದಾಗ ಮಾತ್ರ ಮರದ ಸ್ಕೇಲು ಕೈಗೆತ್ತಿಕೊಳ್ಳುವರು. "ಇವನ್ನ ಹಿಂಗ ಎಳೀಬೇಕು. ಎಳೆದೋರು ಆ ಊರು ನೋಡಿರಲಿಲ್ಲ" ಎನ್ನುವರು.

ಉತ್ತರ ಪತ್ರಿಕೆಯಲ್ಲಿ ಯಾರಾದರೂ "ಬ್ರಿಟಿಷರು ಘಾನಾಕ್ಕೆ ಸ್ವಾತಂತ್ರ್ಯ ಕೊಟ್ಟರು" ಎಂದು ಬರೆದರೆ ಅವರಿಗೆ ನಿಜವಾಗಿಯೂ ಕೋಪ ಬರುತ್ತಿತ್ತು. "ಕೊಟ್ರಂತ! ಅವರಪ್ಪನ ಮನಿಯಿಂದ ತಂದಿದ್ರೇನಲೇ?" ತರಗತಿಯೆಲ್ಲ ನಗುತ್ತಿತ್ತು. ಅವರು ನಗುತ್ತಿರಲಿಲ್ಲ.

ಅವರ ಸ್ವಂತ ಊರು ಕುರುಗೋಡು. ಬಳ್ಳಾರಿಯಲ್ಲಿ, ಕೌಲ್ ಬಜಾರಿನ ಆಟೋ ರಿಪೇರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ತಿಳಿಯದ್ದನ್ನು ಕೇಳಲು ಹೋದರೆ, ಕೆಳಗಿನ ಸುತ್ತಿಗೆಯ ಸದ್ದಿಗಿಂತ ಧ್ವನಿ ಏರಿಸಿ ಅಲ್ಜೀರಿಯಾದ ಹೋರಾಟವನ್ನು ವಿವರಿಸುವರು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ಆಡಿದ್ದು ತಪ್ಪಾದೀತೆಂಬ ಅಳುಕಿನಿಂದ ಪುಸ್ತಕದ ವಾಕ್ಯಗಳನ್ನೇ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. "ಪುಸ್ತಕ ನನ್ನ ಹತ್ರಾನೂ ಐತಿ. ನೀನು ಏನಂತಿ, ಅದನ್ನ ಹೇಳು" ಎಂದು ಅವರು ಸುಮ್ಮನೆ ಕಾಯುತ್ತಿದ್ದರು. ಆ ಮೌನಕ್ಕೆ ನಾನು ಪರೀಕ್ಷೆಗಿಂತ ಹೆಚ್ಚು ಹೆದರುತ್ತಿದ್ದೆ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ನನಗೆ ಗುಮಾಸ್ತನ ಕೆಲಸ ಸಿಗುವಂತಾಯಿತು. ನನ್ನ ತಾಯಿ ನಮ್ಮೂರು ಕರೂರಿನಲ್ಲಿ ಭತ್ತದ ನಾಟಿಗೆ ಕೂಲಿ ಹೋಗುವವರು. ಅವರ ಬೆನ್ನು ಆಗಲೇ ಸೋತಿತ್ತು. ಓದು ಬಿಡುವುದೆಂದು ನಾವಿಬ್ಬರೂ ತೀರ್ಮಾನಿಸಿದೆವು. ತರಗತಿಗೆ ಹೋಗುವುದನ್ನು ನಾನು ನಿಲ್ಲಿಸಿದ ವಾರವೇ ಮೇಡಂ ಬಸ್ಸು ಹಿಡಿದು, ದಾರಿ ಕೇಳಿಕೊಂಡು, ನಮ್ಮ ಓಣಿಗೆ ಬಂದರು. ಒಳಗೆ ಕರೆದರೂ ಸೆಖೆಯೆಂದು ಹೊಸ್ತಿಲ ಬಳಿಯೇ ಕುಳಿತರು.

"ಇದನ್ನ ಓದಿದ್ರ ನನ್ನ ಮಗಗ ನೌಕರಿ ಸಿಗತೈತೇನ್ರಿ ಮೇಡಂ?" ಎಂದು ತಾಯಿ ಕೇಳಿದರು.

"ಸಿಗತೈತಿ ಅನ್ನಾಕ ಆಗಂಗಿಲ್ಲ ಯಮ್ಮಾ. ನಂದೇ ಇನ್ನೂ ಖಾಯಂ ಆಗಿಲ್ಲ. ಅತಿಥಿ ಉಪನ್ಯಾಸಕಿ ಅಂತಾರ. ವರ್ಷಾ ವರ್ಷಾ ಕರೀತಾರ, ಒಂದು ವರ್ಷ ಕರಿಯಂಗಿಲ್ಲ."

ತಾಯಿ ನಕ್ಕುಬಿಟ್ಟರು. "ಭೇಷ್ ಆತು! ನಿಮ್ದೇ ಗಟ್ಟಿ ಇಲ್ಲ, ನನ್ನ ಮಗನ್ನ ಕರ್ಕೊಂಡು ಹೋಗಾಕ ಬಂದೀರಿ?"

ಮೇಡಂ ಅವರೂ ನಕ್ಕರು. ಬಳಿಕ ನೆಲ ನೋಡುತ್ತ ಹೇಳಿದರು: "ಬಿಳಿಯರು ಹೋದ್ರು ಯಮ್ಮಾ, ಅವರ ಕುರ್ಚಿ ಎಲ್ಲಾ ದೇಶದಾಗೂ ಅಲ್ಲೇ ಉಳದಾವು. ಯಾರು ಕೂತ್ರು, ಯಾರಿಗೆ ಕೂಡಾಕ ಬಿಡಲಿಲ್ಲ ಅಂತ ನೋಡಾಕ ಇಂಥ ಓಣಿಯಿಂದ ಒಬ್ಬ ಬರಬೇಕು."

"ನೋಡಿದ್ರ ಸಾಕೇನ್ರಿ? ಕೂಡಬಾರದೇನು?"

ಮೇಡಂ ತಲೆಯೆತ್ತಿ ತಾಯಿಯ ಮುಖ ನೋಡಿದರು. "ಕೂಡ್ಲಿ," ಎಂದರು, "ಇನ್ನೊಂದು ವರ್ಷ ಕೊಡ್ರಿ ನನಗ."

ಮರುದಿನ ಕೂಲಿಗೆ ಹೊರಡುವ ಮುನ್ನ ತಾಯಿ ನನ್ನ ಕಡೆ ತಿರುಗಿ, "ಆಕಿ ಸುಳ್ಳು ಹೇಳಲಿಲ್ಲ ನೋಡು. ಹೋಗು" ಎಂದರು. ಗಿರಣಿಯ ಕೆಲಸ ಬೇರೊಬ್ಬನ ಪಾಲಾಯಿತು. ತಪ್ಪಾದರೂ ಸರಿ, ನನ್ನದೇ ಒಂದು ಮಾತನ್ನು ನಾಲ್ಕು ಜನರೆದುರು ಆಡಲು ಕಲಿತದ್ದು ಮುಂದಿನ ಆ ವರ್ಷದಲ್ಲಿ. ಆ ಋಣವನ್ನು ಅವರಿಗೆ ಹೇಳಿಕೊಳ್ಳಲು ನಾನು ಫಲಿತಾಂಶಕ್ಕಾಗಿ ಕಾಯುತ್ತಿದ್ದೆ. ಅದು ಬರುವ ಮೊದಲೇ, ಕಾಮಾಲೆಯಾಗಿ ಆಸ್ಪತ್ರೆ ಸೇರಿದ ಮೇಡಂ ತೀರಿಕೊಂಡರು.

ಸುದ್ದಿ ನಮಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. "ನಮ್ಮ ಮನಿತನಕ ಬಂದಾಕಿ. ನಾನು ಹೋಗದಿದ್ರ ಹ್ಯಾಂಗ?" ಎಂದು ತಾಯಿ ಕೂಲಿ ಬಿಟ್ಟು ನನ್ನೊಡನೆ ಕುರುಗೋಡಿಗೆ ಬಂದರು. ಮೇಡಂ ಅವರ ವೃದ್ಧ ತಾಯಿ ಗೋಡೆಗೊರಗಿ ಕುಳಿತಿದ್ದರು. ನಾನು ಶಿಷ್ಯನೆಂದು ತಿಳಿದೊಡನೆ ನನ್ನ ಕೈ ಹಿಡಿದುಕೊಂಡರು.

"ಹೋದ ವರ್ಷ ಖಾಯಂ ಮಾಡಿದ್ರಂತಲ್ಲಪ್ಪಾ. ಅದೊಂದು ಕಂಡು ಹೋದ್ಲು ನನ್ನ ಮಗಳು. ಹೌದಲ್ಲೋ?"

ಮೇಡಂ ಕೊನೆಯವರೆಗೂ ಖಾಯಂ ಆಗಿರಲಿಲ್ಲ; ನಮಗೆ ಹೇಳಿದ ಆ ಸತ್ಯವನ್ನು ಸ್ವಂತ ಮನೆಯಲ್ಲಿ ಹೇಳಿರಲಿಲ್ಲ. ನಾನು ಉತ್ತರಿಸುವ ಮೊದಲೇ ನನ್ನ ತಾಯಿ ಆ ವೃದ್ಧೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಹೌದು ಯವ್ವಾ," ಎಂದರು. "ನಮ್ಮ ಮನಿಗೆ ಬಂದಾಗ ಮೇಡಮ್ಮಾರ ಬಾಯಿಂದನ ಕೇಳೀನಿ. ಅವರ ಮಾತು ನಂಬೇ ನನ್ನ ಮಗನ್ನ ಓದಾಕ ಕಳಿಸಿದೆ."