ಮಾವನ ಕೈ ದಾಟಿದ ಗಾಡಿ

ನಮ್ಮ ಮಾವನಿಗೆ ಎಂಜಿನ್ ಎಂದರೆ ತಾತ್ಸಾರ. ಎಂಜಿನ್ ಸರಿಮಾಡುವವರನ್ನು ಅವರು ‘ಒಲೆ ರಿಪೇರಿಯವರು’ ಎಂದೇ ಕರೆಯುವುದು. ಉರಿ ಹಚ್ಚುವುದು ಯಾರಿಗೆ ಬರುವುದಿಲ್ಲ, ಹುಟ್ಟಿದ ಬಲವನ್ನು ನಾಲ್ಕು ಚಕ್ರಕ್ಕೂ ಜಗಳವಿಲ್ಲದೆ ಹಂಚಬೇಕಲ್ಲ, ಅಲ್ಲಿದೆ ಕಷ್ಟ ಎನ್ನುವುದು ಅವರ ವಾದ. ಹಾಗಾಗಿ ಮನೆಯ ಕೆಳಗಿನ ಗ್ಯಾರೇಜಿನಲ್ಲಿ ಅವರು ಮುಟ್ಟುವುದು ಫೋರ್ ವೀಲ್ ಡ್ರೈವ್ ವ್ಯಾನುಗಳನ್ನು ಮಾತ್ರ. ಅದರಲ್ಲೂ ಗೇರ್‌ಬಾಕ್ಸಿನಿಂದ ಚಕ್ರದವರೆಗೆ ಬಲ ಸಾಗುವ ದಾರಿಯನ್ನು ಮಾತ್ರ. ಬ್ರೇಕು ಬೇರೆಯವರದು, ಬಣ್ಣ ಬೇರೆಯವರದು. ಟೈರಂತೂ ಅವರ ಲೆಕ್ಕದಲ್ಲಿ ಗಾಡಿಯ ಭಾಗವೇ ಅಲ್ಲ, ರಸ್ತೆಗೆ ಸೇರಿದ್ದು.

ಮಗಳು ಹುಟ್ಟಿದ ಮೇಲೆ ನಾವು ಈ ಮನೆಯ ಮಹಡಿಗೆ ಬಂದೆವು. ಪೇಟೆಯ ಶಾಲೆಯಲ್ಲಿ ಓದಿ, ಪೇಟೆಯ ಫ್ಲಾಟಿನಲ್ಲಿ ಬೆಳೆದ ನನಗೆ ಇಲ್ಲಿ ಮೊದಲು ಕಂಡದ್ದು ಬರೀ ಅಪಾಯ. ಕಂಬಿಯಿಲ್ಲದ ಮೆಟ್ಟಿಲು, ನೆಲದ ಮೇಲೆ ಜಾರುವ ಗೇರ್ ಎಣ್ಣೆ, ಗೋಡೆಯ ತುಂಬ ಕೊಕ್ಕೆಗಳು, ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತ ವ್ಯಾನು. ಅದು ಮಗುವಿನ ಮೇಲೆ ಬೀಳುವುದನ್ನು ನಾನು ಕಣ್ಣು ಮುಚ್ಚಿದಾಗಲೆಲ್ಲ ನೋಡುತ್ತಿದ್ದೆ. ಮಾವನಿಗೆ ಹೇಳಲು ಸಂಕೋಚ, ಹೇಳದಿದ್ದರೆ ನಿದ್ದೆಯಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಮೆಟ್ಟಿಲ ಬುಡದಲ್ಲಿ ಒಂದು ಪುಟ್ಟ ಗೇಟು. ಯಾವುದೋ ಹಳೆಯ ವ್ಯಾನಿನ ಮೇಲಿನ ಲಗೇಜ್ ಕ್ಯಾರಿಯರನ್ನು ಕತ್ತರಿಸಿ ಮಾಡಿದ್ದು. ಅದರ ಕೀಲುಗಳಿಗೆ ಗ್ರೀಸ್ ಕೂಡ ಹಾಕಿದ್ದರು. “ಇದು ಯಾಕೆ ಮಾವ?” ಎಂದು ಕೇಳಿದೆ. “ಬೆಕ್ಕು ಬರುತ್ತೆ” ಎಂದರು. ನಮ್ಮ ಬೀದಿಯಲ್ಲಿ ಬೆಕ್ಕು ಇಲ್ಲ.

ಮೊದಲು ಅವರು ರಸ್ತೆ ಇಲಾಖೆಯ ವರ್ಕ್‌ಶಾಪಿನಲ್ಲಿದ್ದರು. ಗುಡ್ಡದ ಮೇಲೆ ಕುಸಿದ ಮಣ್ಣು ತೆಗೆಯಲು ಹೋಗುವ ವ್ಯಾನುಗಳು ಅವರ ಕೈಗೇ ಬರುತ್ತಿದ್ದವು. ಕಾಯಿಲೆ ಹುಡುಕುವ ಅವರ ರೀತಿ ಅಲ್ಲಿಯದೇ. ಗಾಡಿಯನ್ನು ಎಂದೂ ತಾವೇ ಓಡಿಸಿ ನೋಡುವುದಿಲ್ಲ. ಮಾಲೀಕರ ಕೈಗೆ ಸ್ಟೀರಿಂಗ್ ಕೊಟ್ಟು, ಹಿಂದಿನ ಸೀಟು ಬಿಚ್ಚಿ, ತಳದ ಮೇಲೆ ಅಂಗಾತ ಮಲಗಿಬಿಡುತ್ತಾರೆ. ಓಡಿಸುವವರು ಮಾತಾಡಕೂಡದು. ಎರಡು ಅಂಗೈಗಳನ್ನೂ ತಗಡಿಗೆ ಒತ್ತಿ, ಕಣ್ಣು ಮುಚ್ಚಿ, ಮುಂದಿನಿಂದ ಹಿಂದಕ್ಕೆ ತೆವಳುತ್ತಾರೆ. ಕ್ಲಚ್ ಬಿಟ್ಟಾಗ ‘ಟಣ್’ ಎಂದರೆ ಶಾಫ್ಟಿನ ಕೀಲಲ್ಲಿರುವ ಕ್ರಾಸ್ ಸವೆದಿದೆ. ವೇಗ ಹೆಚ್ಚಿದಂತೆ ಜೇನುಗೂಡಿನ ಹಾಗೆ ಗುಂಯ್ ಎಂದರೆ ಬೇರಿಂಗ್ ಹೋಗಿದೆ. “ಸದ್ದು ಇಡೀ ಗಾಡಿ ತಿರುಗಾಡ್ಕೊಂಡು ಬರುತ್ತೆ ಕಣಮ್ಮ, ಕಿವಿಗೆ ವಿಳಾಸ ಸಿಗಲ್ಲ. ಅಂಗೈಗೆ ಸಿಗುತ್ತೆ” ಎನ್ನುತ್ತಾರೆ. ತಾವು ಇದರಲ್ಲಿ ನಿಸ್ಸೀಮರೆಂದು ಅವರೇ ಎಲ್ಲರಿಗೂ ಹೇಳುತ್ತಾರೆ, ಯಾರೂ ಕೇಳದಿದ್ದರೂ.

ಅವರು ಎಲ್ಲಕ್ಕಿಂತ ಹೆಚ್ಚಾಗಿ ಹೇಳುವ ಮಾತು ಇನ್ನೊಂದಿದೆ: “ನನ್ನ ಕೈ ದಾಟಿದ ಗಾಡಿ ಅದೇ ಕಾಯಿಲೆಗೆ ತಿರುಗಿ ಬರಲ್ಲ.”

ಬಂತು. ಅದೂ ನನ್ನ ಮಗಳು ಕೂತು ಹೋಗುವ ಗಾಡಿಯೇ.

ಗುಡ್ಡದ ತುದಿಯ ಶಿಶುವಿಹಾರಕ್ಕೆ ನಮ್ಮ ಬೀದಿಯ ಮಕ್ಕಳನ್ನು ಕರೆದೊಯ್ಯುವ ಹೆಂಗಸನ್ನು ಎಲ್ಲರೂ ‘ವ್ಯಾನಮ್ಮ’ ಎನ್ನುತ್ತಾರೆ. ಅವರ ವ್ಯಾನು ಬಿಗಿ ತಿರುವಿನಲ್ಲಿ ಯಾರೋ ಹಿಡಿದೆಳೆದಂತೆ ನಡುಗುತ್ತದೆ ಎಂದು ಮಾವ ಹಿಂದೊಮ್ಮೆ ಅದರ ಕಪ್ಲಿಂಗ್ ಬದಲಾಯಿಸಿದ್ದರು. ಕಪ್ಲಿಂಗ್ ಎಂದರೆ ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ನಡುವೆ ಕೂರುವ, ಗಟ್ಟಿ ಎಣ್ಣೆ ತುಂಬಿದ ಡಬ್ಬಿ. ಹಳೆಯದು ಕಲ್ಲಿನಂತಾಗಿತ್ತು. ಹೊಸದನ್ನು ಹಾಕಿದ ಮೇಲೆ ವ್ಯಾನು ಬೆಣ್ಣೆಯ ಹಾಗೆ ತಿರುಗಿತು. ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ವ್ಯಾನಮ್ಮ ಗ್ಯಾರೇಜಿನ ಮುಂದೆ ಹಾರನ್ ಒತ್ತಿ ಹಿಡಿದರು.

“ಮೇಸ್ತ್ರೀ, ನಿಮ್ಮ ಗಾಡಿ ಬಂದಿದೆ!”

“ನನ್ನ ಗಾಡಿ ಯಾವಾಗಾಯ್ತು ತಾಯಿ? ನಿಂದಲ್ವಾ?”

“ಚೆನ್ನಾಗಿದ್ರೆ ನಂದು. ನಡುಗಿದ್ರೆ ನಿಮ್ದು.”

ಮಾವ ಸ್ಟೀರಿಂಗನ್ನು ಪೂರ್ತಿ ತಿರುಗಿಸಲು ಹೇಳಿ ಅಂಗಳದಲ್ಲಿ ಸುತ್ತು ಹಾಕಿಸಿದರು. ವ್ಯಾನು ಸಾಧುವಿನಂತೆ ತಿರುಗಿತು. “ಎಲ್ಲಿದೆ ನಡುಕ? ನಿನ್ನ ಕೈಯೇ ನಡುಗಿರಬೇಕು.”

“ಗುಡ್ಡದಿಂದ ವಾಪಸ್ ಬರ್ತಾ ನೋಡಿ, ಗೊತ್ತಾಗುತ್ತೆ. ನಿಮ್ಮ ಮೊಮ್ಮಗಳನ್ನೇ ಕೇಳಿ. ‘ವ್ಯಾನಿಗೆ ಚಳಿ’ ಅಂತ ನಗ್ತಾಳೆ ದಿನಾ.”

ಮಗಳು ನನಗೆ ಒಂದು ಮಾತೂ ಹೇಳಿರಲಿಲ್ಲ. ಮಹಡಿಯ ಕಟಕಟೆ ಹಿಡಿದು ನಿಂತಿದ್ದ ನಾನು ಒಂದೇ ಉಸಿರಿಗೆ ಕೆಳಗಿಳಿದೆ. ಮಾವನ ಮುಖ ಕೆಂಪೇರಿತು.

“ನೋಡು, ಸರಿ ಮಾಡ್ತೀನಿ. ಆಮೇಲೂ ಇದೇ ನಡುಕ ಅಂತ ಈ ಗಾಡಿ ಇನ್ನೊಂದು ಸಲ ಬಂತೋ, ಶಟರ್ ಎಳೆದು ಬೀಗ ಜಡಿದುಬಿಡ್ತೀನಿ. ಮುಗೀತು ನನ್ನ ಕಸುಬು!”

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಓಡಿ ಬಂದರು. “ಅಯ್ಯೋ, ಆ ಬಾಯಿಗೊಂದು ಬೀಗ ಹಾಕಬಾರದಾ!” ಅವರ ಗಾಬರಿಗೆ ಕಾರಣವಿತ್ತು. ಎಂದೋ ಒಮ್ಮೆ ಸಿಟ್ಟಿನಲ್ಲಿ “ಇನ್ನು ಸಕ್ಕರೆ ಮುಟ್ಟಲ್ಲ” ಎಂದ ಮಾವ ಇಂದಿಗೂ ಸಪ್ಪೆ ಟೀ ಕುಡಿಯುತ್ತಾರೆ. ಸಿಟ್ಟು ಯಾರ ಮೇಲೆ, ಯಾಕೆ ಎಂಬುದು ಅವರಿಗೇ ಮರೆತುಹೋಗಿದೆ. ಮಾತು ಮಾತ್ರ ಉಳಿದಿದೆ. ಕೆಲಸವಿಲ್ಲದ ಮಾವನನ್ನು ಮನೆಯೊಳಗೆ ಇಟ್ಟುಕೊಳ್ಳುವುದನ್ನು ನೆನೆದು ಅತ್ತೆ ಸೌಟಿನಿಂದಲೇ ಹಣೆ ಚಚ್ಚಿಕೊಂಡರು.

ಮರುದಿನ ಬೆಳಿಗ್ಗೆ ವ್ಯಾನಮ್ಮ ಓಡಿಸಿದರು, ಮಾವ ಹಿಂದೆ ಮಲಗಿದರು, ನಾನು ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತೆ. ನನ್ನ ಮಗು ಹೋಗುವ ದಾರಿ, ನಾನು ನೋಡಬೇಡವೇ? ಹೋಗುವಾಗ ಏನೂ ಇಲ್ಲ. ಶಿಶುವಿಹಾರದ ಗೇಟಿನ ಮುಂದೆ ತಿರುಗಿಸಿ ಇಳಿದು, ಬಯಲಿನ ನೇರ ರಸ್ತೆ ಮುಗಿಸಿ, ನಮ್ಮ ಬೀದಿಯ ಮೂಲೆಗೆ ಬರುತ್ತಿದ್ದಂತೆ ಬಂತು. ಗಾಡಿ ತಿರುಗಲಾರೆ ಎಂದು ಕಾಲೂರಿದ ಹಾಗೆ ಗಡಗಡ ನಡುಗಿತು. ನಾನು ಸೀಟು ಬೆಲ್ಟನ್ನು ಎರಡೂ ಕೈಯಿಂದ ಹಿಡಿದೆ.

“ನಿಲ್ಸು!” ಮಾವ ಇಳಿದು ಗಾಡಿಯಡಿಗೆ ನುಸುಳಿದರು. ಮರುಕ್ಷಣವೇ “ಹಾ!” ಎಂದು ಕೈ ಎಳೆದುಕೊಂಡರು. ಬೆರಳಿಗೆ ಉಫ್ ಎಂದು ಊದುತ್ತ ಹೊರಗೆ ಬಂದವರ ಮುಖದಲ್ಲಿ ಹಬ್ಬದ ಕಳೆ. “ಸುಡ್ತಾ ಇದೆ! ಕಪ್ಲಿಂಗ್ ಕೆಂಡ ಆಗಿದೆ!”

“ಸುಟ್ಟರೆ ಖುಷಿ ಯಾಕೆ ಮಾವ?”

“ನೋಡಮ್ಮ. ಮುಂದಿನ ಚಕ್ರ ಒಂದು ಮನೆ, ಹಿಂದಿನದು ಇನ್ನೊಂದು ಮನೆ. ಇದು ನಡುವೆ ಸಿಕ್ಕಿಕೊಂಡ ಸೊಸೆ. ತಿರುವಲ್ಲಿ ಮುಂದಿನವರು ಸ್ವಲ್ಪ ಜಾಸ್ತಿ ಸುತ್ತಬೇಕು, ಹಿಂದಿನವರು ಕಡಿಮೆ. ಅಷ್ಟು ವ್ಯತ್ಯಾಸ ಇವಳು ನುಂಗ್ಕೋತಾಳೆ. ಅದಕ್ಕೇ ಇವಳನ್ನ ಇಟ್ಟಿರೋದು. ಆದ್ರೆ ಎರಡೂ ಮನೆಯವರು ಹೊತ್ತು ಹುಟ್ಟಿದಾಗಿಂದ ಮುಳುಗೋವರೆಗೂ ಕಿತ್ತಾಡಿದ್ರೆ? ಕಾದು ಕಾದು ಗಟ್ಟಿಯಾಗ್ತಾಳೆ. ಆಮೇಲೆ ಯಾರ ಮಾತೂ ಕೇಳಲ್ಲ.”

“ಅರ್ಥ ಆಯ್ತು” ಎಂದೆ. ನಿಜಕ್ಕೂ ಬಹಳ ಚೆನ್ನಾಗಿ ಅರ್ಥವಾಗಿತ್ತು.

“ಈಗ ಬಂದ ದಾರಿ ಬಹುಪಾಲು ನೇರ. ನೇರ ರಸ್ತೇಲಿ ಇದು ತಣ್ಣಗಿರಬೇಕು. ಇಷ್ಟು ಕಾದಿದೆ ಅಂದ್ರೆ ತಪ್ಪು ಇವಳದಲ್ಲ. ನಾನು ಪಾಪ ಹೊಸ ಸೊಸೇನ ತಂದು ಅದೇ ಜಗಳದ ಮಧ್ಯೆ ಕೂರಿಸಿದೀನಿ.”

ಜಗಳ ಹುಟ್ಟಿಸುವವರು ಯಾರು ಎಂದು ಹುಡುಕಲು ಅವರು ಮಧ್ಯಾಹ್ನದವರೆಗೂ ಗಾಡಿಯಡಿಯಲ್ಲೇ ಇದ್ದರು. ಉದ್ದನೆಯ ಶಾಫ್ಟನ್ನು ಬಿಚ್ಚಿ ಬೆರಳ ಮೇಲೆ ತಿರುಗಿಸಿದರು. ಮುಂದಿನ ಗೇರುಗಳ ಹಲ್ಲನ್ನು ಟಾರ್ಚ್ ಹಾಕಿ ನೋಡಿದರು. ಹಿಂದಿನ ಗೇರುಗಳ ಎಣ್ಣೆ ಇಳಿಸಿ, ಅದರಲ್ಲಿ ಕಬ್ಬಿಣದ ಪುಡಿ ಇದೆಯೇ ಎಂದು ಅಯಸ್ಕಾಂತ ಆಡಿಸಿದರು. ಬೇರಿಂಗುಗಳನ್ನು ಅಲುಗಿಸಿದರು. ಎಲ್ಲವೂ ಗುಂಡುಕಲ್ಲಿನಂತೆ ಗಟ್ಟಿ. ಅತ್ತೆ ಮೂರು ಸಲ ಊಟಕ್ಕೆ ಕರೆದರು. ನಾಲ್ಕನೆಯ ಸಲ ಕರೆಯಲು ಹೆದರಿದರು.

“ಎಲ್ಲಾ ಸರಿ ಇದೆ” ಎಂದರು ಮಾವ ಕೊನೆಗೆ, ಖಾಲಿ ಎಣ್ಣೆ ಡಬ್ಬದ ಮೇಲೆ ಕೂರುತ್ತ. ಎಲ್ಲ ಕೆಟ್ಟಿದ್ದರೂ ಅವರ ದನಿ ಅಷ್ಟು ಸೋತಿರುತ್ತಿರಲಿಲ್ಲ.

“ಹಾಗಾದ್ರೆ ನಾಳೆ ಮಕ್ಕಳನ್ನ ಕರ್ಕೊಂಡು ಹೋಗ್ಲಾ, ಬೇಡ್ವಾ?” ವ್ಯಾನಮ್ಮ ಕೇಳಿದರು.

ಅವರು ಕೇಳಿದ್ದು ಮಾವನನ್ನು. ಉತ್ತರ ಕೊಡಲು ಹೊರಟವಳು ನಾನು. “ಮುಂದಿನ ಟೈರು ಹೊಸದು ಅನ್ನೋದೊಂದೇ ನನಗೆ ಸಮಾಧಾನ. ದಿನಾ ಬೆಳಿಗ್ಗೆ ಮಗಳನ್ನ ಹತ್ತಿಸೋಕೆ ಮುಂಚೆ ಟೈರಿಗೆ ಉಗುರು ಹಾಕಿ ನೋಡ್ತೀನಿ. ಮುಂದಿನದರ ಗೆರೆ ಎಷ್ಟು ಆಳ ಇದೆ! ಹಿಂದಿನದರಲ್ಲಿ ಉಗುರು ಇಳಿಯೋದೇ ಇಲ್ಲ. ಅದಕ್ಕೇ ಇವಳನ್ನ ಮುಂದಿನ ಸಾಲಲ್ಲೇ ಕೂರಿಸಿ ಅಂತ ಹೇಳೋದು...”

ಮಾವ ತಲೆಯೆತ್ತಿದರು. “ಏನಂದೆ?”

“ಮುಂದಿನ ಸಾಲಲ್ಲಿ...”

“ಅದಲ್ಲ. ಮುಂದೆ ಹೊಸದು, ಹಿಂದೆ ಸವೆದಿದ್ದಾ?” ವ್ಯಾನಮ್ಮನ ಕಡೆ ತಿರುಗಿದರು. “ಯಾವಾಗ ಹಾಕಿಸಿದ್ದು?”

“ಆ ಮೊದಲನೇ ಸಲ ನಡುಗಿತಲ್ಲ, ಅದಕ್ಕೆ ಸ್ವಲ್ಪ ಮುಂಚೆ. ಹಿಂದಿನ ಜೊತೆ ಆಮೇಲೆ ಹಾಕಿಸೋಣ ಅಂತಿದ್ದೆ.”

“ಏನಾದ್ರೂ ಬದಲಾಯಿಸಿದ್ಯಾ ಅಂತ ನಾನು ಕೇಳಲಿಲ್ವಾ?”

“ನೀವು ಕೇಳಿದ್ದು ‘ಒಳಗೆ ಬೇರೆ ಯಾರಾದ್ರೂ ಕೈ ಹಾಕಿದ್ರಾ’ ಅಂತ. ಟೈರು ಒಳಗಿರುತ್ತಾ ಮೇಸ್ತ್ರೀ? ರಸ್ತೆಗೆ ಸೇರಿದ್ದು ಅಂತ ಬೀದಿಗೆಲ್ಲ ಸಾರ್ಕೊಂಡು ಬಂದವರು ನೀವೇ ಅಲ್ವಾ?”

ಮಾವ ಡಬ್ಬದ ಮೇಲಿಂದ ಎದ್ದು ಮೂಲೆಯ ಪೆಟ್ಟಿಗೆ ತಡಕಾಡಿದರು. ಆಮೇಲೆ ಸೀಮೆಸುಣ್ಣ ತಂದರು. ಶಾಫ್ಟನ್ನು ಇನ್ನೂ ಜೋಡಿಸಿರಲಿಲ್ಲವಾದ್ದರಿಂದ ಮುಂದಿನ, ಹಿಂದಿನ ಚಕ್ರಗಳು ತಮ್ಮಷ್ಟಕ್ಕೆ ತಿರುಗಲು ಸ್ವತಂತ್ರ. ಮುಂದಿನದೊಂದು, ಹಿಂದಿನದೊಂದು ಟೈರಿಗೆ ನೆಲ ಮುಟ್ಟುವ ಜಾಗದಲ್ಲಿ ಗೆರೆ ಎಳೆದರು. ವ್ಯಾನಮ್ಮ ಸ್ಟೀರಿಂಗ್ ಹಿಡಿದರು, ನಾನೂ ಅತ್ತೆಯೂ ಹಿಂದಿನಿಂದ ತಳ್ಳಿದೆವು. ಅತ್ತೆ ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಮಗಳು ಗೇಟಿನ ಹಿಂದೆ ನಿಂತು “ಇನ್ನೂ ಜೋರು!” ಎಂದು ಹುರಿದುಂಬಿಸಿದಳು. ಮಾವ ಪಕ್ಕದಲ್ಲಿ ಬಗ್ಗಿ ಬಗ್ಗಿ ನಡೆದರು. ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಮುಂದಿನ ಗೆರೆ ನೆಲ ಮುಟ್ಟಿತ್ತು, ಹಿಂದಿನ ಗೆರೆ ಅದನ್ನು ದಾಟಿ ಮೇಲೇರಲು ಹೊರಟಿತ್ತು. ಸವೆದ ಟೈರು ಗಾತ್ರದಲ್ಲಿ ಕಿರಿದು, ಅಷ್ಟೇ ದಾರಿಗೆ ಅದು ಹೆಚ್ಚು ಸಲ ಉರುಳಬೇಕು. ಈ ಚಿಕ್ಕ ಓಣಿಯಲ್ಲೇ ಇಷ್ಟು ಹಿಂದುಮುಂದು. ಗುಡ್ಡದವರೆಗೆ, ದಿನಾ?

“ಎರಡು ಮನೆಯವರ ಹೆಜ್ಜೆ ಅಳತೇನೇ ಬೇರೆ” ಎಂದರು ಮಾವ ಬೆವರು ಒರೆಸಿಕೊಂಡು. “ನಾನು ಒಳಗೆಲ್ಲ ಹುಡುಕಿದೆ.”

ಯಾವತ್ತೂ ಹೊಸ್ತಿಲು ತುಳಿಯದಿದ್ದ ಟೈರ್ ಅಂಗಡಿಗೆ ಮಾವ ಅಂದು ಸಂಜೆ ತಾವೇ ಹೋದರು. ಒಂದೇ ಗುರುತಿನ, ಒಂದೇ ಅಳತೆಯ ನಾಲ್ಕು ಹಾಕಿಸಿದರು. ಅಂಗಡಿಯವನ ಅಳತೆಯನ್ನು ನಂಬದೆ ಪ್ರತಿಯೊಂದರ ಸುತ್ತಲೂ ದಾರ ಸುತ್ತಿ ನೋಡಿದರಂತೆ. ವ್ಯಾನಮ್ಮ ನಗುತ್ತ ಹೇಳಿದರು. ಕಾದು ಗಟ್ಟಿಯಾದ ಕಪ್ಲಿಂಗನ್ನು ಮತ್ತೆ ಇಳಿಸಿ ಇನ್ನೊಂದನ್ನು ಕೂರಿಸಿದರು.

ಸೋಮವಾರ ವ್ಯಾನು ಮಕ್ಕಳನ್ನು ಹತ್ತಿಸಿಕೊಂಡು ಹೊರಟಿತು. ಮಾವ ಶಟರನ್ನು ಅರ್ಧ ಎಳೆದು ಅದರ ಮುಂದೆ ಕೂತರು. ಬೇರೆ ಕೆಲಸ ಮುಟ್ಟಲಿಲ್ಲ. ನಾನು ಒಂದೊಂದು ನೆಪ ಮಾಡಿಕೊಂಡು ಕೆಳಗಿಳಿದು ಬೀದಿಯ ಮೂಲೆ ನೋಡಿ ಬರುತ್ತಿದ್ದೆ. “ಬೀಗ ಎಲ್ಲೂ ಕಾಣ್ತಿಲ್ವಲ್ಲ” ಎಂದು ಮಾವ ಗೊಣಗಿದರು. ಮೆಟ್ಟಿಲ ಮೇಲೆ ಬೀನ್ಸ್ ಬಿಡಿಸುತ್ತಿದ್ದ ಅತ್ತೆ ಏನೋ ಭಾರವಿದ್ದ ಮಡಿಲಿನ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

ಮಧ್ಯಾಹ್ನ ಮಕ್ಕಳನ್ನು ಹೊತ್ತ ವ್ಯಾನು ಮೂಲೆ ತಿರುಗಿತು. ನಡುಗಿತೋ ಇಲ್ಲವೋ, ಇಲ್ಲಿಂದ ಗೊತ್ತಾಗಲಿಲ್ಲ. ವ್ಯಾನಮ್ಮ ಇಳಿಯುವ ಮೊದಲೇ ಮಾವ ಅದರಡಿಗೆ ಹೋಗಿಯಾಗಿತ್ತು. ಹೊರಗೆ ಕಾಣುತ್ತಿದ್ದುದು ಚಪ್ಪಲಿಗಳು ಮಾತ್ರ. ಈ ಸಲ ಅವು ಬೆಚ್ಚಿ ಹಿಂದೆ ಸರಿಯಲಿಲ್ಲ.

“ಬೆಚ್ಚಗಿದೆ” ಎಂದಿತು ಒಳಗಿನ ದನಿ. “ಅಷ್ಟೇ. ಮಗು ಹಣೆ ಹಾಗೆ.” ಹೊರಗೆ ಬಂದು ಕೈ ಒರೆಸಿಕೊಂಡರು. “ನೀನು ಹೇಳು ತಾಯಿ.”

“ಏನು ಹೇಳಲಿ? ನಿಮ್ಮನ್ನ ಬೈಯೋಕೆ ಒಂದು ಸದ್ದಾದ್ರೂ ಸಿಗುತ್ತೇನೋ ಅಂತ ದಾರಿ ಪೂರ್ತಿ ಕಿವಿ ಕೊಟ್ಟಿದ್ದೆ. ನಿಮ್ಮ ಮೊಮ್ಮಗಳಿಗಂತೂ ಬೇಜಾರು, ಇವತ್ತು ವ್ಯಾನಿಗೆ ಚಳಿ ಆಗಲಿಲ್ಲ ಅಂತ.”

“ಒಂದೂ ಸಿಗಲಿಲ್ವಾ?” ಮಾವನಿಗೆ ಸ್ವಲ್ಪ ನಿರಾಸೆಯಾದಂತಿತ್ತು.

“ಹಿಂದಿನ ಬಾಗಿಲು ಕಟಕಟ ಅನ್ನುತ್ತೆ.”

“ಬಾಗಿಲು ನನ್ನ...” ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಶಟರನ್ನು ಭರ್ರನೆ ಮೇಲಕ್ಕೆ ತಳ್ಳಿ ಸ್ಕ್ರೂಡ್ರೈವರ್ ತಂದರು. ಚಿಲಕದ ಸಡಿಲ ತಿರುಪನ್ನು ಬಿಗಿಮಾಡತೊಡಗಿದರು. ಅತ್ತೆ ಊಟಕ್ಕೆ ತಟ್ಟೆ ಇಡುವ ಸದ್ದು ಕೇಳಿತು.

“ಮಾವ, ಓಡ್ತಾ ಇರುವಾಗ ಬಾಗಿಲು ತೆರೆದುಕೊಂಡ್ರೆ?” ಎಂದೆ ನಾನು.

“ತೆರೆದುಕೊಳ್ಳಲ್ಲ ಕಣಮ್ಮ. ಬಾ, ನೀನೇ ಎಳೆದು ನೋಡು.”

ಎಳೆದೆ. ಬರಲಿಲ್ಲ. ಕಾಲು ಊರಿ, ಎರಡೂ ಕೈಯಿಂದ ಇನ್ನೊಮ್ಮೆ ಎಳೆದೆ.