ಬೇಲಿ ದಾಟಿದ ಗಾಳಿ

ಪಕ್ಕದ ಮೆಣಸಿನಕಾಯಿ ಹೊಲದ ಮೇಲೆ ಡ್ರೋನ್ ಮೊದಲ ಸಲ ಹಾರಿದ ದಿನ ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಮ್ಮ ಹಿಪ್ಪುನೇರಳೆ ತೋಟದಲ್ಲಿ ನಿಂತಿದ್ದೆ. ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಇರುತ್ತದೆ, ಹೊಲಗಳ ಅಳತೆ ತೆಗೆದು ಎಲ್ಲಿಗೋ ಕಳಿಸುತ್ತದೆ ಎಂದು ಮಾನೋಪಾಡಿನ ಚಹಾ ಅಂಗಡಿಯಲ್ಲಿ ಕೇಳಿದ ಮಾತನ್ನು ನನ್ನ ಗಂಡ ಮನೆಗೆ ತಂದಿದ್ದರು. ಹಾರಿಸುತ್ತಿದ್ದವಳು ಮಕ್ತಲ್ ಕಡೆಯ ಹುಡುಗಿ. ಇಪ್ಪತ್ತೈದರ ಆಸುಪಾಸು, ಬಿಳಿ ಶರ್ಟು, ಕೊರಳಿಗೆ ತೂಗುಹಾಕಿಕೊಂಡ ರಿಮೋಟು. ನಾನು ಬೇಲಿಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಇದ್ರಾಗ ಫೋಟೊ ತೆಗೀತೀಯೇನವಾ?"

"ಇಲ್ರಿ ಅಮ್ಮಾ, ಇದು ಔಷಧ ಹೊಡಿಯಾದು. ಮುಂದ ಗಿಡ, ಕಂಬ ಬಂದ್ರ ಕಾಣಾಕಂತ ಒಂದು ಕಣ್ಣೈತಿ, ಅಷ್ಟ."

ಕಣ್ಣು ಇರುವುದನ್ನು ಒಪ್ಪಿಕೊಂಡಳಲ್ಲ, ಅಷ್ಟು ಸಾಕಾಯಿತು ನನಗೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮಗ್ಗದ ಮೇಲಿನಿಂದ ಏಳದೆ, "ನಿನಗ ಯಾರ ಮ್ಯಾಲ ಅನುಮಾನ ಇಲ್ಲ ಹೇಳು" ಎಂದರು.

ಅವರ ಮಾತಿನಲ್ಲಿ ಸುಳ್ಳಿಲ್ಲ. ರಾಯಚೂರು ಕಡೆ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಗಡಿ ದಾಟಿ ಗದ್ವಾಲ ಸೀರೆ ನೇಯುವ ಮನೆಗೆ ಸೊಸೆಯಾಗಿ ಬಂದವಳು ನಾನು. ತೂಕದಲ್ಲಿ ಮೋಸ, ಬಣ್ಣದಲ್ಲಿ ಮೋಸ, ನೂಲಿನಲ್ಲಿ ಮೋಸ ಎಲ್ಲವನ್ನೂ ಆ ಮನೆಯಲ್ಲಿ ನೋಡಿದ್ದೇನೆ. ಅಂಚಿಗೆ ರೇಷ್ಮೆ ಕೊಳ್ಳುವಾಗಲೆಲ್ಲ ಜಗಳ ಮಾಡಿ ಸಾಕಾಗಿ, ಹುಳುವನ್ನೇ ಸಾಕೋಣ ಎಂದು ಹಟ ಹಿಡಿದವಳೂ ನಾನೇ. ಮಾನೋಪಾಡಿನ ಹತ್ತಿರ ನಮಗಿದ್ದ ತುಂಡು ಹೊಲಕ್ಕೆ ಹಿಪ್ಪುನೇರಳೆ ಹಾಕಿದೆವು. ಅದರ ಮೂಲೆಯಲ್ಲೇ ಹುಳು ಮನೆ ಕಟ್ಟಿಸಿ, ಪಕ್ಕದಲ್ಲೇ ಇರತೊಡಗಿದೆವು.

ಡ್ರೋನ್ ಹಾರಿದ ಸಂಜೆ ಎಂದಿನಂತೆ ಸೊಪ್ಪು ಕೊಯ್ದೆವು. ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದು, ಎಷ್ಟು ಹಾಕಿದರೂ ಸಾಲದು ಎನ್ನುವಂತೆ ಮೇಯುತ್ತಿದ್ದ ಹೊತ್ತು ಅದು. ಬೇಲಿಯ ಕಡೆಯ ಸೊಪ್ಪನ್ನು ಕೆಳಗಿನ ಅಟ್ಟಣೆಗೆ ಹಾಕಿದೆ. ಬಾವಿಯ ಕಡೆಯದನ್ನು ಗಂಡ ಮೇಲಿನ ಅಟ್ಟಣೆಗೆ ಹಾಕಿದರು.

ಬೆಳಿಗ್ಗೆ ಬಾಗಿಲು ತೆಗೆದರೆ ಕೆಳಗಿನ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಬಾಯಿಂದ ಹಸಿರು ನೀರು ಕಾರಿದ್ದವು. ಸೊಪ್ಪು ಹಾಗೇ ಬಿದ್ದಿತ್ತು. ಮೇಲಿನ ಅಟ್ಟಣೆಯ ಹುಳುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಮೇಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕೆಳಗಿನವು ಸುಕ್ಕುಗಟ್ಟಿ ಗಿಡ್ಡವಾದವು. ನಾನು ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಬದುಕಿದ ಹುಳು ಅಂಗೈಗೆ ತಂಪಾಗಿ ಅಂಟಿಕೊಳ್ಳುತ್ತದೆ. ಇದು ಉರುಳಿ ಬಿತ್ತು. ಗಂಡ ಸತ್ತವನ್ನು ಬುಟ್ಟಿಗೆ ತುಂಬಿ, ಹೊರಗೆ ಗುಂಡಿ ತೋಡಿ ಹೂತರು.

ರೋಗವಾಗಿದ್ದರೆ ಮೇಲಿನವೂ ಸಾಯಬೇಕಿತ್ತು. ಸತ್ತದ್ದು ಬೇಲಿಯ ಕಡೆಯ ಸೊಪ್ಪು ತಿಂದವು ಮಾತ್ರ. ನನ್ನ ಅನುಮಾನ ಮೊದಲು ಹೋದದ್ದು ಡ್ರೋನಿನ ಮೇಲಲ್ಲ, ಮೆಣಸಿನಕಾಯಿ ಹೊಲದ ಯಜಮಾನರ ಮೇಲೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ವಿಭೂತಿ ಹಚ್ಚದೆ ಹೊಲಕ್ಕೆ ಕಾಲಿಡದವರು. ಅವರ ಹಿರಿಯರೂ ರಾಯಚೂರು ಸೀಮೆಯಿಂದ ಬಂದವರೆಂದು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಆದರೆ ಟ್ರ್ಯಾಕ್ಟರ್ ಹೋಗಲು ನಮ್ಮ ಬೇಲಿಯ ಪಕ್ಕ ದಾರಿ ಬಿಡಿ ಎಂದು ಹಿಂದಿನ ಬೇಸಿಗೆಯಲ್ಲಿ ಕೇಳಿದ್ದರು, ನಾನು ಆಗುವುದಿಲ್ಲ ಎಂದಿದ್ದೆ. ಆ ಸೇಡು ಇದಿರಬಹುದೇ?

ಅವರ ಹತ್ತಿರ ಹೋಗಿ ಕೇಳಿದರೆ ಅವರು ನನ್ನ ಮೇಲೇ ತಿರುಗಿಬಿದ್ದರು.

"ಯಕ್ಕಾ, ನನ್ನ ಮೆಣಸಿನಕಾಯಿಗೆ ಹುಳ ಬರಾದ ನಿನ್ನ ತೋಟದಿಂದ. ಎಲಿ ಎಲ್ಲಾ ಮುರುಟಿ ಹೋಗ್ಯಾವ. ಅದಕ್ಕ ಬೇಲಿ ಮಟ ಬಿಡದ ಹೊಡಿ ಅಂತ ಆ ಹುಡುಗಿಗೆ ಹೇಳೀನಿ. ನನ್ನ ಹೊಲದಾಗ ನಾ ಹೊಡಿಸಿದ್ರ ನಿನಗೇನ?"

"ನನ್ನ ಹುಳ ಸತ್ತಾವಲ್ರಿ ಅಣ್ಣಾ."

"ಹುಳ ಸಾಯಾಕ ಸಾವಿರ ಕಾರಣ ಇರ್ತಾವ."

ಆ ಹುಡುಗಿ ಅವತ್ತು ವಡ್ಡೆಪಲ್ಲಿ ಕಡೆ ಹತ್ತಿ ಹೊಲದಲ್ಲಿದ್ದಾಳೆ ಎಂದು ತಿಳಿದು ಅಲ್ಲಿಗೇ ಹೋದೆ. ಡ್ರೋನನ್ನು ನೆಲಕ್ಕಿಳಿಸಿ, ಔಷಧ ಚಿಮ್ಮುವ ತೂತುಗಳನ್ನು ತೊಳೆಯುತ್ತಿದ್ದಳು. ಹುಳು ಸತ್ತ ಸುದ್ದಿ ಕೇಳಿ ಅವಳ ಮುಖ ಸಣ್ಣದಾಯಿತು. ಮರುಗಳಿಗೆಯಲ್ಲೇ ಗಟ್ಟಿಯಾಯಿತು.

"ಇಲ್ರಿ ಅಮ್ಮಾ, ಅದು ನನ್ನಿಂದ ಆಗಿದ್ದಲ್ರಿ. ಸಾಲಿನ ಕೊನಿ ಬರಾಕ ಮೊದಲ ಔಷಧ ತಾನ ಬಂದ್ ಆಗತೈತಿ. ಅವತ್ತ ಗಾಳಿನೂ ಇದ್ದಿಲ್ಲ."

"ಗಾಳಿ ಇದ್ದಿಲ್ಲಂದ್ರ ಇದು ಮ್ಯಾಲ ಹೆಂಗ ನಿಂತಿತ್ತು?"

"ಗಾಳಿನ ಇದ ಮಾಡ್ಕೊಂತೈತ್ರಿ. ಈ ರೆಕ್ಕಿ ತಿರುಗಿ ಗಾಳಿನ ಕೆಳಗ ಒತ್ತತಾವ. ಒತ್ತಿದಷ್ಟ ಗಾಳಿ ತಿರುಗಿ ಇದನ್ನ ಮ್ಯಾಲ ಒತ್ತತೈತಿ. ಔಷಧ ಆ ಗಾಳಿ ಜೋಡಿನ ಕೆಳಗಿಳಿದು, ಎಲಿ ಅಡಿಗೂ ಹತ್ತತೈತಿ."

"ನೆಲಕ್ಕ ಬಡದ ಮ್ಯಾಲ ಆ ಗಾಳಿ ಎಲ್ಲಿ ಹೋಗತೈತಿ?"

ಅವಳು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. "ಬಾಜೂಕ ಹರೀತೈತ್ರಿ. ಆದ್ರ ಸ್ವಲ್ಪ."

"ಸ್ವಲ್ಪ ಅಂದ್ರ ಬೇಲಿ ಈಚಿಗೋ ಆಚಿಗೋ? ನಡಿ, ಅವತ್ತ ಹಾರಿಸಿದಂಗ ಮತ್ತ ಹಾರಿಸಿ ತೋರ್ಸು. ಬಣ್ಣದ ನೀರ ಹಾಕು. ನಾ ಬೇಲಿಗೆ ಬಿಳಿ ಬಟ್ಟಿ ಕಟ್ಟತೀನಿ."

ಅವಳು ತಕ್ಷಣ ಒಪ್ಪಲಿಲ್ಲ. ಒಪ್ಪದಿದ್ದರೆ ಸುತ್ತಲಿನ ಊರುಗಳಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಅವಳಿಗೆ ಹೊಳೆದಿರಬೇಕು. ಡ್ರೋನನ್ನು ತನ್ನ ಸಣ್ಣ ಗೂಡ್ಸ್ ಗಾಡಿಗೆ ಏರಿಸಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತಾನೇ ಗಾಡಿ ನಡೆಸಿದಳು. ದಾರಿಯಲ್ಲಿ ಸುಮ್ಮನಿರಲಾಗದೆ, "ಅಮ್ಮಾ, ಕೈ ಹೊರಗ ಇಡ್ರಿ" ಎಂದಳು. ಇದರಲ್ಲೇನು ಕುತಂತ್ರವೋ ಎಂದುಕೊಂಡೇ, ಎದುರಿಗೆ ಗಾಡಿ ಇಲ್ಲದ್ದು ನೋಡಿ ಅಂಗೈ ಚಾಚಿದೆ. ಮಟ್ಟಸವಾಗಿ ಹಿಡಿದಾಗ ಗಾಳಿ ಸೀಳಿಕೊಂಡು ಹೋಯಿತು. ಮುಂದಿನ ಅಂಚನ್ನು ತುಸು ಎತ್ತಿದೆ. ಕೈ ತಾನಾಗಿ ಮೇಲೆದ್ದಿತು. ಪೂರ್ತಿ ನೆಟ್ಟಗೆ ಮಾಡಿದರೆ ಭುಜವೇ ಹಿಂದಕ್ಕೆ ಜಗ್ಗಿತು.

"ವಿಮಾನದ ರೆಕ್ಕಿ ಅಂದ್ರ ಇಷ್ಟರಿ. ಅದು ಮುಂದ ಓಡಿ ಏಳತೈತಿ. ನನ್ನದರಾಗ ರೆಕ್ಕಿನ ಸುತ್ತ ತಿರುಗತಾವ. ಹಿಂದಕ್ಕ ಜಗ್ಗಿತಲ್ಲ, ಅದ ಗಾಡಿಗೆ ಡೀಸೆಲ್ ತಿನ್ನಸ್ತೈತಿ. ಅದಕ್ಕ ದೊಡ್ಡ ಲಾರಿಗಳ ತಲಿ ಮ್ಯಾಲ ಬಾಗಿದ ಟೋಪಿ ಹಾಕಿರ್ತಾರ."

"ಮುಂದ ಹೋಗಬೇಕಂದ್ರ ನಿನ್ನದು ಏನ್ ಮಾಡತೈತಿ?"

"ಮುಂದಕ್ಕ ವಾಲತೈತಿ. ಆಗ ಗಾಳಿ ಕೆಳಗ ಮತ್ತ ಹಿಂದ ಹೋಗತೈತಿ, ಇದು ಮುಂದ."

ಚೆನ್ನಾಗಿ ಹೇಳುತ್ತಾಳೆ ಎನಿಸಿತು. ಚೆನ್ನಾಗಿ ಮಾತಾಡುವವರ ಮೇಲೆ ನನಗೆ ಅನುಮಾನ ಇನ್ನೂ ಹೆಚ್ಚು.

ಗಂಡ ಸೀರೆಗೆ ಹಾಕುವ ಕೆಂಪು ಬಣ್ಣವನ್ನು ನೀರಲ್ಲಿ ಕಲಸಿ, ಕಸ ಸಿಕ್ಕಿ ತೂತು ಕಟ್ಟದಂತೆ ಬಟ್ಟೆಯಲ್ಲಿ ಸೋಸಿ ಕೊಟ್ಟರು. ಅವರ ಬಿಳಿ ಪಂಚೆಯನ್ನು ಬೇಲಿಗೆ ಕಟ್ಟಿದೆ. ಹಳೆಯ ಬಟ್ಟೆ ಹರಿದು ನಮ್ಮ ತೋಟದೊಳಗಿನ ಸಾಲುಗಳ ಗಿಡಗಳಿಗೂ ಕಟ್ಟಿದೆ. ಮೆಣಸಿನಕಾಯಿ ಹೊಲದವರು ಬದುವಿನ ಮೇಲೆ ಕೈ ಕಟ್ಟಿ ನಿಂತರು. ಇದು ತಮ್ಮನ್ನು ಸಿಕ್ಕಿಸುವ ಹೂಟ ಎಂಬ ಗುಮಾನಿ ಅವರ ಮುಖದಲ್ಲೇ ಇತ್ತು.

"ಅವತ್ತಿನಷ್ಟ ಎತ್ತರ ಹಾರಿಸು, ಇವತ್ತ ಬೇಕಂತ ಕೆಳಗ ಹಾರಿಸಬ್ಯಾಡ" ಎಂದೆ.

ಡ್ರೋನ್ ಎದ್ದಿತು. ಹೊಲದ ಆ ತುದಿಯಿಂದ ನೇರ ನಮ್ಮ ಬೇಲಿಯ ಕಡೆಗೆ ಬಂತು, ಕೆಳಗೆ ಮೆಣಸಿನ ಗಿಡಗಳು ಎರಡು ಪಾಲಾಗಿ ಬಾಗುತ್ತಿದ್ದವು. ಬೇಲಿಯ ಹತ್ತಿರ ಬಂದು ನಿಂತಿತು, ಪಕ್ಕಕ್ಕೆ ಸರಿಯಿತು, ತಿರುಗಿ ಹೋಯಿತು. ಇಳಿಸಿದ ಮೇಲೆ ಎಲ್ಲರೂ ಬೇಲಿಗೆ ಬಂದೆವು. ಪಂಚೆಯ ತುಂಬ ಕೆಂಪು ಚುಕ್ಕೆ. ಒಳಗಿನ ಗಿಡದ ಬಟ್ಟೆಯ ಮೇಲೂ ಸಾಸಿವೆಗಿಂತ ಸಣ್ಣ ಚುಕ್ಕೆಗಳು.

ಹುಡುಗಿ ಬಟ್ಟೆ ನೋಡಿದಳು, ಆಮೇಲೆ ನನ್ನ ಗಂಡನ ಕೆಂಪಾದ ಕೈ ನೋಡಿದಳು. "ಅಪ್ಪಾರ, ಬಟ್ಟಿ ಕಟ್ಟುವಾಗ ನೀವ ಮುಟ್ಟಿದ್ರೇನ್ರಿ?"

ಗಂಡ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. "ನೀನ ಬ್ಯಾರೆ ಬಟ್ಟಿ ಕಟ್ಟು, ನೀನ ಬಂದು ಬೇಲಿ ಹತ್ರ ನಿಂದ್ರು" ಎಂದೆ. ಅವಳು ಕಟ್ಟಿದಳು. ತೋಟದೊಳಗೆ ಬಂದು, ಮೊದಲ ಸಾಲಿನ ಹಿಂದೆ ನಿಂತು ಡ್ರೋನನ್ನು ತನ್ನ ಕಡೆಗೇ ಕರೆದಳು.

ಈ ಸಲ ನಾನು ಡ್ರೋನನ್ನೇ ನೋಡುತ್ತಿದ್ದೆ. ಬರುವಾಗ ಮೂಗು ಕೆಳಗೆ ಮಾಡಿಕೊಂಡು ಬಂತು. ಬೇಲಿಯ ಹತ್ತಿರ ನಿಲ್ಲುವಾಗ ಓಡುವ ಎತ್ತನ್ನು ಮೂಗುದಾರ ಹಿಡಿದು ಜಗ್ಗಿದಂತೆ ತಲೆ ಎತ್ತಿ, ಹೊಟ್ಟೆ ನಮ್ಮ ಕಡೆ ತೋರಿಸಿತು. ಆ ಕ್ಷಣ ಹಿಪ್ಪುನೇರಳೆಯ ಎಲೆಗಳೆಲ್ಲ ಒಮ್ಮೆಲೇ ಬೆನ್ನು ತಿರುಗಿಸಿದವು. ಗಾಳಿ ಮುಖಕ್ಕೆ ಬಡಿಯಿತು. ಹುಡುಗಿ ತಿರುಗಿದಾಗ ಅವಳ ಬಿಳಿ ಶರ್ಟು, ಕೆನ್ನೆ, ಹುಬ್ಬು ಎಲ್ಲ ಕೆಂಪು ಚುಕ್ಕೆ.

"ನಿಲ್ಲಾಕ ಹಿಂದ ವಾಲತೈತ್ರಿ" ಎಂದಳು ಮೆಲ್ಲಗೆ. "ಹಿಂದ ವಾಲಿದ್ರ ಗಾಳಿ ಮುಂದ ಹೋಗತೈತಿ. ಔಷಧ ಬಂದ್ ಆಗಿರ್ತೈತಿ ಖರೆ, ಆದ್ರ ಗಾಳಿಯಾಗ ತೇಲಾಡಾದು ಎಲ್ಲಿ ಹೋಗಬೇಕು? ಪ್ರತಿ ಸಾಲಿನ ಕೊನಿಗೂ ನಿಮ್ಮ ತೋಟಕ್ಕ ನೂಕೇನಿ ಅಮ್ಮಾ. ಕೃಷ್ಣಾ ಕಡೆ ಭತ್ತದ ಗದ್ದ್ಯಾಗ ಸುತ್ತ ಎಲ್ಲಾ ಭತ್ತನ ಇರ್ತೈತಿ, ಯಾರೂ ಕೇಳಿದ್ದಿಲ್ಲ."

ಗೆದ್ದೆ ಎಂದು ನನಗೆ ಅನಿಸಲಿಲ್ಲ. ಗುಂಡಿಯಲ್ಲಿ ಹೂತ ಹುಳುಗಳು ನೆನಪಾದವು. ಪಕ್ಕದ ಹೊಲದವರ ಕಡೆ ತಿರುಗಿ ಕೇಳಿದೆ: "ಇದು ನಮ್ಮ ಕಡಿ ಬರಾದು ನಿಮಗ ಗೊತ್ತಿತ್ತೇನ್ರಿ ಅಣ್ಣಾ?"

"ಗೊತ್ತಿದ್ರ ನನ್ನ ತುಟ್ಟಿ ಔಷಧ ನಿನ್ನ ಎಲಿಗೆ ಯಾಕ ದಂಡ ಮಾಡ್ಲಿ ಯಕ್ಕಾ?"

ಸರಿಯಾದ ಮಾತೇ. ಆದರೆ ಹೇಳುವಾಗ ಅವರು ನನ್ನನ್ನು ನೋಡದೆ ಪಂಚೆಯನ್ನು ನೋಡುತ್ತಿದ್ದರು.

ಅಲ್ಲೇ ಬದುವಿನ ಮೇಲೆ ಕೂತು ಮಾತಾಯಿತು. ಡ್ರೋನ್ ಇನ್ನು ಬೇಲಿಗೆ ಎದುರಾಗಿ ಬರಬಾರದು, ಬೇಲಿಯ ಉದ್ದಕ್ಕೆ ಸಾಲು ಹಿಡಿದು ಹೋಗಬೇಕು. ನಿಲ್ಲುವುದು, ತಿರುಗುವುದು ನಮ್ಮಿಂದ ದೂರದ ತುದಿಗಳಲ್ಲಿ. ಬೇಲಿಗೆ ತಾಗಿದ ಪಟ್ಟಿಗೆ ಆಳೇ ಕೈಪಂಪಿನಿಂದ ಹೊಡೆಯಬೇಕು. ಗಾಳಿ ನಮ್ಮ ಕಡೆ ಬೀಸುವ ದಿನ ಎರಡೂ ಬೇಡ. ಹೊಡೆಯುವ ಹಿಂದಿನ ದಿನ ನಮಗೆ ತಿಳಿಸಬೇಕು. ನನ್ನ ತೋಟದಿಂದ ಅವರಿಗೆ ಹುಳ ಬರುತ್ತದೆ ಎನ್ನುವುದನ್ನು ನಾನು ಒಪ್ಪಲಿಲ್ಲ. ಆದರೂ ಹುಳ ಕೂರದಂತೆ ಬೇಲಿ ಕಡೆಯ ಸೊಪ್ಪನ್ನು ಬಲಿಯಲು ಬಿಡದೆ ಮೊದಲೇ ಕೊಯ್ಯುತ್ತೇನೆ ಎಂದೆ. ಹುಡುಗಿ ಬಾವಿಯ ನೀರಲ್ಲಿ ಮುಖ ಉಜ್ಜಿ ತೊಳೆದಳು. ಗಂಡ ಹಾಕಿದ ಬಣ್ಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹುಬ್ಬಿನ ಮೇಲೆ ಕೆಂಪು ಉಳಿಸಿಕೊಂಡೇ ಹೋದಳು.

ಉಳಿದ ಹುಳುಗಳು ಗೂಡು ಕಟ್ಟಿದವು, ಕಡಿಮೆಯಾದರೂ ಗಟ್ಟಿ ಗೂಡು. ಮುಂದಿನ ಹುಳು ಬೆಳೆಗೆ ಬೇಲಿ ಕಡೆಯ ಸೊಪ್ಪನ್ನು ಮೊದಲು ಒಂದು ತಟ್ಟೆಯ ಹುಳುಗಳಿಗಷ್ಟೇ ಹಾಕಿ ಕಾದೆ. ಮೇಯ್ದವು. ಸಂಜೆಗೂ ಮೇಯುತ್ತಲೇ ಇದ್ದವು. ಆಮೇಲೆ ಎಲ್ಲಕ್ಕೂ ಹಾಕಿದೆ.

ಮೆಣಸಿನಕಾಯಿ ಕೊಯ್ಲು ಮುಗಿದ ಮೇಲೆ ಪಕ್ಕದ ಹೊಲದವರು ಒಂದು ಬುಟ್ಟಿ ಕೆಂಪು ಕಾಯಿ ಕಳಿಸಿಕೊಟ್ಟರು. ಗಂಡ ಬಹಳ ಸಂತೋಷಪಟ್ಟರು. ನಾನು ಕಾಯಿಗಳನ್ನು ತೊಳೆದು, ಚಾಪೆಯ ಮೇಲೆ ಹರವಿ ಮತ್ತೆ ಒಣಗಿಸಿದೆ. ಖಾರ ಚೆನ್ನಾಗಿದೆ. ಆದರೂ ಸಾರಿಗೆ ಹಾಕುವ ಮೊದಲು ಒಮ್ಮೆ ಮೂಸಿಯೇ ನೋಡುತ್ತೇನೆ.